ಹೆಗಲು ಮುಟ್ಟಿಕೊಂಡವರೆಲ್ಲ ಕಳ್ಳರೇ?

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ನಮ್ಮ ಗಾದೆಗೆ ಅಮೆರಿಕದ ನ್ಯಾಯಶಾಸ್ತ್ರದಲ್ಲಿಯೂ ಸ್ಥಾನವಿದೆ. ಪೊಲೀಸರನ್ನು ಕಂಡೊಡನೆ ಓಡುವುದು, ಸನ್ನಿವೇಶವನ್ನನುಸರಿಸಿ, ಸಂಶಯಕ್ಕೆ ಆಧಾರವಾಗಬಹುದೆಂದು ಇಲ್ಲಿಯ ಸುಪ್ರೀಂ ಕೋರ್ಟು 2000ದಲ್ಲಿ ಹೇಳಿತು. ಆದರೆ ಭಾಷೆಯರಿಯದ ಪರದೇಶಿಯು ಬರಿಯ ಭಯದಿಂದಲೂ ಹೆಗಲು ಮುಟ್ಟಿಕೊಂಡಾನು!

ದಾರಿಹೋಕನನ್ನು ಪೊಲೀಸರು ತಡೆಯಬೇಕಾದರೆ 'ಸಕಾರಣ ಸಂಶಯ'ವಿರಬೇಕೆಂಬ ಅಳತೆಗೋಲು ರೂಪುಗೊಂಡದ್ದು 1968ರ ಟೆರ್ರಿ ಮೊಕದ್ದಮೆಯಲ್ಲಿ. 1963ರಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಇಬ್ಬರು ಸರದಿಯಂತೆ ಒಂದೇ ಅಂಗಡಿಯೊಳಗೆ ಮತ್ತೆ ಮತ್ತೆ ಇಣುಕುವುದನ್ನು ಕಂಡ ಪತ್ತೇದಾರನೊಬ್ಬ ಅವರನ್ನು ತಡೆದು ಶೋಧಿಸಿದ, ಪಿಸ್ತೂಲುಗಳು ದೊರೆತವು. ಬಂಧನಕ್ಕೆ ಬೇಕಾದಷ್ಟು ಆಧಾರವಿಲ್ಲದಿದ್ದರೂ ಇಂತಹ ತಡೆ ಸಾಧುವೆಂದ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್, ಕಾರಣವನ್ನು ನಿರ್ದಿಷ್ಟವಾಗಿ ಬಾಯಿಬಿಟ್ಟು ಹೇಳಲು ಬರಬೇಕು, ಕೇವಲ ಊಹೆ ಸಲ್ಲದು ಎಂದೂ ವಿಧಿಸಿದರು.

ಹಿಕ್ಸ್‌ವಿಲ್ಲಿನ ಗೃಹಿಣಿಯೊಬ್ಬಳಿಗೆ ಇದರ ಗೊಡವೆ ಏಕೆಂದು ತಾವು ಕೇಳಬಹುದು. ಬೇಸಿಗೆಯಲ್ಲಿ ಊರಿನಿಂದ ಬಂದ ಹಿರಿಯರು ಸಂಜೆ ವಾಯುವಿಹಾರಕ್ಕೆ ಹೊರಡುವುದು ನಮ್ಮ ಬೀದಿಗಳ ನಿತ್ಯದೃಶ್ಯ. 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ, ಮೊಮ್ಮಗನ ಆರೈಕೆಗೆಂದು ಗುಜರಾತಿನಿಂದ ಬಂದಿದ್ದ ಅಜ್ಜನೊಬ್ಬರು ಹೀಗೆಯೇ ನಡೆಯುತ್ತಿದ್ದರು. ಯಾರೋ ಅಪರಿಚಿತನೆಂದು ನೆರೆಯವನೊಬ್ಬ ಪೊಲೀಸರಿಗೆ ದೂರವಾಣಿ ಮಾಡಿದ. ಇಂಗ್ಲಿಷ್ ಬಾರದ ಆ ವೃದ್ಧರನ್ನು ಪೊಲೀಸನೊಬ್ಬ ನೆಲಕ್ಕೆ ಕೆಡವಿದ. ಬೆನ್ನುಹುರಿಗೆ ಪೆಟ್ಟಾಗಿ ಅಂಗಾಂಗಗಳ ಶಕ್ತಿ ಕುಂದಿತು. ಆ ಪೊಲೀಸನು 2016ರಲ್ಲಿ ಖುಲಾಸೆಯಾದನು.

ನಮ್ಮ ನೆರೆಯ ನ್ಯೂಯಾರ್ಕ್ ನಗರದಲ್ಲಿ 2011ರೊಂದರಲ್ಲಿಯೇ 6,85,000ಕ್ಕೂ ಮಿಕ್ಕಿ ಇಂತಹ ತಡೆಗಳು ನಡೆದು, ಹತ್ತರಲ್ಲಿ ಸುಮಾರು ಒಂಬತ್ತರಲ್ಲಿ ಯಾವ ಅಪರಾಧವೂ ಕಂಡುಬರಲಿಲ್ಲ. 2013ರಲ್ಲಿ ನ್ಯಾಯಾಲಯವು ಆ ಪದ್ಧತಿಯನ್ನು ಸಂವಿಧಾನಬಾಹಿರವೆಂದಿತು. 2025ರ ಜುಲೈನಲ್ಲಿ ಲಾಸ್ ಏಂಜಲೀಸ್‌ನ ನ್ಯಾಯಾಧೀಶೆಯೊಬ್ಬರು, ಜನಾಂಗ, ಭಾಷೆ ಅಥವಾ ಉಚ್ಚಾರಣೆ, ಸ್ಥಳ, ಉದ್ಯೋಗ ಇವಿಷ್ಟನ್ನೇ ಆಧರಿಸಿ ವಲಸೆ ಅಧಿಕಾರಿಗಳು ಯಾರನ್ನೂ ತಡೆಯಕೂಡದೆಂದು ಆಜ್ಞಾಪಿಸಿದರು. ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಗೆ ತಡೆ ನೀಡಿತು. ನಮ್ಮ ಇಂಗ್ಲಿಷಿನಲ್ಲಿ ಇಣುಕುವ ಕನ್ನಡದ ಧಾಟಿಯೂ ಸಂಶಯಕ್ಕೆ ಸೇರುವ ಒಂದು ಕಾರಣವಾದೀತು.

ಮನೆಯಲ್ಲಿ ಚಿನ್ನವಿಟ್ಟುಕೊಳ್ಳುವ ನಾವೂ ಪೊಲೀಸರ ಎಚ್ಚರವನ್ನು ಬಯಸುವವರೇ. ಕಿಟಕಿಯಿಂದ ಇಣುಕಿ ದೂರವಾಣಿಯನ್ನೆತ್ತುವ ನೆರೆಯವರೂ ನಾವೇ. ಆದುದರಿಂದ ವಾರನ್ನರ ಅಳತೆಗೋಲು ಪೊಲೀಸರಿಗಷ್ಟೇ ಅಲ್ಲ, ನಮಗೂ ಅನ್ವಯಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ. ಅಪರಿಚಿತನು ಹೇಗಿದ್ದಾನೆಂಬುದಲ್ಲ, ಏನು ಮಾಡುತ್ತಿದ್ದಾನೆಂಬುದನ್ನು ಹೇಳಲು ಬಂದರೆ ಮಾತ್ರ ದೂರು ಕೊಡೋಣ. ನಮ್ಮ ಹಿರಿಯರಿಗೆ ನಾವು ಬಯಸುವ ನ್ಯಾಯವನ್ನು ಪರರ ಮಕ್ಕಳಿಗೂ ಬಯಸೋಣ.