ಬಿಲ್ ಬೇಕಾ ಮೇಷ್ಟ್ರೇ?

ನಮ್ಮ ಕಡೆಯ ಅಂಗಡಿಗಳಲ್ಲಿ ಸಾಮಾನು ಕಟ್ಟಿ ಕೊಡುವ ಮುನ್ನ ಕೇಳುವ ಒಂದು ಪ್ರಶ್ನೆಯಿದೆ: "ಬಿಲ್ ಬೇಕಾ?" ನಾಗಮಂಗಲವಾಗಲಿ, ಬೆಳ್ಳೂರು ಕ್ರಾಸ್ ಆಗಲಿ, ಪಾಂಡವಪುರ, ಕೆ.ಆರ್. ಪೇಟೆಯಾಗಲಿ, ಮಿಕ್ಸಿಯೋ ಫ್ಯಾನೋ ಕೊಳ್ಳಲು ಹೋದವರೆಲ್ಲ ಈ ಪ್ರಶ್ನೆಯನ್ನು ಕೇಳಿಸಿಕೊಂಡಿರುತ್ತಾರೆ. ಬೇಕು ಎಂದರೆ, "ಟ್ಯಾಕ್ಸ್ ಬೀಳುತ್ತೆ, ಇನ್ನೂರು ಮುನ್ನೂರು ಜಾಸ್ತಿಯಾಗುತ್ತೆ, ನೋಡಿ" ಎಂಬ ಮಾತು. ಬೇಡ ಎಂದರೆ 'ಎಸ್ಟಿಮೇಟ್' ಎಂದು ಮೇಲೆ ಅಚ್ಚಾದ ತುಂಡು ಚೀಟಿ. ಅದರಲ್ಲಿ ಅಂಗಡಿಯ ಹೆಸರೂ ಇರುವುದಿಲ್ಲ, ಸಹಿಯೂ ಇರುವುದಿಲ್ಲ. ಇನ್ನೂರು ಉಳಿಯಿತೆಂದು ನಾವು ಸಂತೋಷದಿಂದಲೇ ಮನೆಗೆ ಬರುತ್ತೇವೆ.

ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಗರಿಷ್ಠ ಮಾರಾಟ ಬೆಲೆಯೊಳಗೆ ಎಲ್ಲ ತೆರಿಗೆಯೂ ಸೇರಿರುತ್ತದೆ. ಹಾಗೆಂದು ಅಲ್ಲೇ ಬರೆದಿರುತ್ತದೆ ಕೂಡ. ಬಿಲ್ ಕೊಟ್ಟರೆ ನನ್ನ ರಿಯಾಯಿತಿ ಕಡಿಮೆಯಾಗುತ್ತದೆ ಎಂದು ಅಂಗಡಿಯವರು ಹೇಳಿದರೆ ಅದು ಬೇರೆ ಮಾತು. ಆದರೆ ಅಚ್ಚಾದ ಬೆಲೆಯ ಮೇಲೆ ಇನ್ನೊಮ್ಮೆ ತೆರಿಗೆ ಕೇಳುವಂತಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೂ ಮಾರಿದ ಸಾಮಾನಿಗೆ ಬಿಲ್ ಕೊಡದಿರುವುದನ್ನೇ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ. ಇದು ಎಷ್ಟು ಮಂದಿ ಸಹೋದರಿಯರಿಗೆ ಗೊತ್ತು?

ನಮ್ಮ ಬೀದಿಯಲ್ಲಿ ಒಬ್ಬ ಖಾಲಾ ಇದ್ದಾರೆ. ಯಜಮಾನರು ತೀರಿಹೋದ ಮೇಲೆ ದೋಸೆ ಹಿಟ್ಟು ರುಬ್ಬಿ, ಕವರಿನಲ್ಲಿ ಕಟ್ಟಿ, ಬೆಳಿಗ್ಗೆ ಮನೆಮನೆಗೆ ಕೊಟ್ಟು ಇಬ್ಬರು ಮೊಮ್ಮಕ್ಕಳನ್ನು ಓದಿಸುತ್ತಿದ್ದಾರೆ. ಹಳೆಯ ಗ್ರೈಂಡರ್ ಕೈಕೊಟ್ಟಾಗ ಮಹಿಳಾ ಸಂಘದಲ್ಲಿ ಸಾಲ ತೆಗೆದು ಹೊಸದನ್ನು ಕೊಂಡರು. ದೊಡ್ಡ ಕಂಪನಿಯದ್ದು, ಟಿ.ವಿ.ಯಲ್ಲಿ ಜಾಹೀರಾತು ಬರುವಂಥದ್ದು. "ದಿನಾ ಹತ್ತು ಸೇರು ರುಬ್ಬುದ್ರೂ ಏನೂ ಆಗಲ್ಲ ತಗೊಳ್ಳಮ್ಮ" ಎಂದು ಅಂಗಡಿಯವನೇ ಹೇಳಿದ್ದ. ಕೊಟ್ಟದ್ದು ಎಸ್ಟಿಮೇಟ್ ಚೀಟಿ.

ಹನ್ನೊಂದನೆಯ ದಿನ ಮೋಟಾರಿನಿಂದ ಸುಟ್ಟ ವಾಸನೆ ಬಂದು ಕಲ್ಲು ನಿಂತುಹೋಯಿತು. ಅಂಗಡಿಗೆ ಹೋದರೆ, "ನಾವು ಮಾರೋದಷ್ಟೇ, ರಿಪೇರಿಯೆಲ್ಲ ಕಂಪನಿದು. ಸರ್ವಿಸ್ ಸೆಂಟರ್ ಮೈಸೂರಲ್ಲಿದೆ" ಎಂದು ಒಂದು ನಂಬರ್ ಕೊಟ್ಟು ಕಳಿಸಿದರು. ಆ ನಂಬರಿಗೆ ಖಾಲಾ ಮಾಡಿದ ಕರೆಗಳಿಗೆ ಲೆಕ್ಕವಿಲ್ಲ. ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ, ಆಮೇಲೆ ಸಂಗೀತ. ಕೊನೆಗೆ ನನ್ನ ಹತ್ತಿರ ಬಂದರು. ನಾನು ಕರೆ ಮಾಡಿ ದೂರು ದಾಖಲಿಸಿದೆ. ನಲವತ್ತೆಂಟು ಗಂಟೆಯೊಳಗೆ ಮೆಕ್ಯಾನಿಕ್ ಬರುತ್ತಾನೆ ಎಂದರು.

ಮೂರನೆಯ ದಿನ ಖಾಲಾಗೆ ಒಂದು ಕರೆ ಬಂತು. "ಅಮ್ಮಾ, ನಿಮ್ಮ ಮೊಬೈಲ್‌ಗೆ ಒಂದು ಕೋಡ್ ಬಂದಿದೆ ನೋಡಿ, ಹೇಳಿ. ನಾಳೆ ಬರ್ತೀನಿ." ಮೊಮ್ಮಗಳು ಓದಿ ಹೇಳಿದಳು. ಸಂಜೆ ಕಂಪನಿಯಿಂದ ಸಂದೇಶ ಬಂತು: ನಿಮ್ಮ ದೂರು ಪರಿಹಾರವಾಗಿದೆ, ಧನ್ಯವಾದಗಳು! ಮರುದಿನವೂ ಯಾರೂ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಈ ಕೋಡಿನ ವಿಷಯವನ್ನು ಎಲ್ಲರೂ ತಿಳಿದುಕೊಳ್ಳಬೇಕು. ಕೆಲಸ ಮುಗಿದು ಗ್ರಾಹಕರಿಗೆ ತೃಪ್ತಿಯಾದ ಮೇಲೆ ಕೊಡಬೇಕಾದ ಸಂಖ್ಯೆ ಅದು. ಒಂದರ್ಥದಲ್ಲಿ ನಮ್ಮ ಸಹಿ. ಇಷ್ಟು ಗಂಟೆಯೊಳಗೆ ದೂರು ಮುಗಿಸಬೇಕೆಂದು ಮೇಲಿನಿಂದ ಒತ್ತಡವಿರುವ ಕಡೆ ಕೆಲವರು ಕೆಲಸ ಮಾಡುವ ಮೊದಲೇ ಆ ಸಹಿಯನ್ನು ಕೇಳಿ ಪಡೆಯುತ್ತಾರೆ. ಕಂಪನಿಯ ಕಂಪ್ಯೂಟರಿನಲ್ಲಿ ಖಾಲಾ ಸಂತುಷ್ಟ ಗ್ರಾಹಕಿ. ಇಲ್ಲಿ ನೆನೆಹಾಕಿದ ಅಕ್ಕಿ ಹುಳಿ ಬರುತ್ತಿದೆ.

ಎರಡನೆಯ ಸಲ ದೂರು ಕೊಟ್ಟ ಮೇಲೆ, ಗ್ರೈಂಡರ್ ನಿಂತ ಒಂಬತ್ತನೆಯ ದಿನ ಒಬ್ಬ ಹುಡುಗ ಬಂದ. ಮೂಲೆಯಲ್ಲಿದ್ದ ಬಕೆಟ್ಟು, ಕವರಿನ ಕಟ್ಟು, ತಕ್ಕಡಿ ನೋಡಿದವನೇ, "ಇದು ಮನೆ ಬಳಕೆಗೆ ಮಾತ್ರ. ನೀವು ವ್ಯಾಪಾರಕ್ಕೆ ಬಳಸಿದ್ದೀರಿ. ವಾರಂಟಿ ಸಿಗಲ್ಲ. ಮೋಟಾರಿಗೆ ಎರಡು ಸಾವಿರದ ನಾನೂರು ಆಗುತ್ತೆ" ಎಂದ. ಕಾರ್ಡು ತೆಗೆದು ನೋಡಿದೆ. ಹೌದು, ಬರೆದಿದೆ. ಇಂಗ್ಲಿಷಿನಲ್ಲಿ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ.

ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿ ನೋಡಿದ ಪ್ರವಾದಿ(ಸ)ರ ಪ್ರಸಂಗ ನಮ್ಮ ಓದುಗರಿಗೆಲ್ಲ ಗೊತ್ತು. ಮೇಲೆ ಒಣಗಿದ ಕಾಳು, ಒಳಗೆ ಒದ್ದೆ. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂಬುದು ಅವರ ಪ್ರಶ್ನೆಯಾಗಿತ್ತು. ವಾರಂಟಿ ಕಾರ್ಡಿನ ಸಣ್ಣ ಅಕ್ಷರಗಳು ನನಗೆ ಆ ರಾಶಿಯ ತಳದ ಕಾಳಿನಂತೆಯೇ ಕಾಣುತ್ತವೆ. ಮಳೆ ಬಂದದ್ದು ಆ ವ್ಯಾಪಾರಿಯ ತಪ್ಪಲ್ಲ, ಮೋಟಾರು ಸುಡುವುದೂ ಯಂತ್ರದ ಗುಣ. ಷರತ್ತನ್ನು ತಳದಲ್ಲಿ ಇಟ್ಟದ್ದಿದೆಯಲ್ಲ, ಅದೇ ಆಕ್ಷೇಪದ ವಿಷಯ. ಫಿಕ್‌ಹ್ ಗ್ರಂಥಗಳ ವ್ಯಾಪಾರದ ಅಧ್ಯಾಯದಲ್ಲಿ 'ಖಿಯಾರುಲ್ ಐಬ್' ಎಂಬ ಪಾಠವೊಂದಿದೆ. ಕೊಂಡ ಸರಕಿನಲ್ಲಿ ಮೊದಲೇ ಇದ್ದ ದೋಷ ಆಮೇಲೆ ಕಂಡುಬಂದರೆ ಹಿಂತಿರುಗಿಸುವ ಆಯ್ಕೆ ಕೊಂಡವನದ್ದು ಎಂಬುದು ಅದರ ಸಾರ. ಮದ್ರಸಾದಲ್ಲಿ ಅದನ್ನು ಓದುವಾಗ ಒಂಟೆ, ಕುದುರೆಗಳ ಉದಾಹರಣೆ ಇರುತ್ತಿತ್ತು. ಇದು ನಮ್ಮ ಬೀದಿಯ ಗ್ರೈಂಡರಿಗೂ ಸೇರಿದ್ದೆಂದು ಆಗ ಹೊಳೆದಿರಲಿಲ್ಲ.

ನಮ್ಮ ದೇಶದ ಕಾನೂನು ಕೂಡ ಇದನ್ನು ಬೇರೆ ಮಾತಿನಲ್ಲಿ ಹೇಳುತ್ತದೆ. ದೋಷವಿರುವ ಸಾಮಾನನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ ಹಿಂದಕ್ಕೆ ಪಡೆಯಲು ನಿರಾಕರಿಸುವುದು ಕೂಡ ಅನುಚಿತ ವ್ಯಾಪಾರವೇ. ಇನ್ನು 'ವ್ಯಾಪಾರಕ್ಕೆ ಬಳಸಿದ್ದೀರಿ' ಎಂಬ ಮಾತು. ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ಕಾಯ್ದೆ ಹೇಳುತ್ತದೆ, ನಿಜ. ಆದರೆ ಅದರ ಕೆಳಗೇ ಒಂದು ವಿವರಣೆಯಿದೆ: ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯುವುದಕ್ಕಾಗಿಯೇ ಕೊಂಡು ಬಳಸುವವರು ಗ್ರಾಹಕರೇ. ಹೊಲಿಗೆ ಯಂತ್ರದ ಅಕ್ಕ, ಜೆರಾಕ್ಸ್ ಯಂತ್ರದ ಹುಡುಗ, ಹಿಟ್ಟು ರುಬ್ಬುವ ಖಾಲಾ ಎಲ್ಲರೂ ಈ ವಿವರಣೆಯೊಳಗೆ ಬರುತ್ತಾರೆ. ಅಂದರೆ, ನೀವು ವ್ಯಾಪಾರಸ್ಥರು ಎಂಬ ಒಂದೇ ಕಾರಣಕ್ಕೆ ಅವರನ್ನು ಗ್ರಾಹಕ ಆಯೋಗದ ಬಾಗಿಲಿನಿಂದ ಹೊರಗಟ್ಟುವಂತಿಲ್ಲ.

ಒಂದು ಹಾಳೆಯಲ್ಲಿ ಇದನ್ನೆಲ್ಲ ಕನ್ನಡದಲ್ಲಿಯೇ ಬರೆದೆ. ಕೊಂಡ ದಿನ, ಕೆಟ್ಟ ದಿನ, ಎರಡು ದೂರುಗಳ ಸಂಖ್ಯೆ, ಕೋಡ್ ಪಡೆದ ದಿನ. ಬಿಲ್ ಇರಲಿಲ್ಲ. ಆದರೆ ಸಂಘದ ಸಾಲದ ಪುಸ್ತಕದಲ್ಲಿ ತಾರೀಖಿತ್ತು, ಖಾಲಾರ ಮಗ ಅಂಗಡಿಗೆ ಫೋನಿನಲ್ಲಿ ಹಣ ಹಾಕಿದ ದಾಖಲೆಯಿತ್ತು, ಯಂತ್ರದ ತಳದಲ್ಲಿ ಸೀರಿಯಲ್ ನಂಬರ್ ಇತ್ತು. ಅಂಗಡಿಗೊಂದು, ಕಂಪನಿಗೊಂದು ಪ್ರತಿಯನ್ನು ಸ್ಪೀಡ್ ಪೋಸ್ಟ್ ಮಾಡಿದೆವು. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದೆವು. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು, ಖರ್ಚಿಲ್ಲ. ಅದು ನ್ಯಾಯಾಲಯವಲ್ಲ. ನಮ್ಮ ದೂರನ್ನು ಕಂಪನಿಯ ಮುಂದಿಟ್ಟು ಉತ್ತರ ಕೇಳುವ ವ್ಯವಸ್ಥೆ, ಅಷ್ಟೆ. ಕೆಲವು ದಿನಗಳ ಬಳಿಕ ಕಂಪನಿಯಿಂದ ಕರೆ ಬಂತು. 'ವಿಶೇಷ ಪ್ರಕರಣ' ಎಂದು ಮೋಟಾರು ಬದಲಿಸಿ ಕೊಟ್ಟರು. ಹಕ್ಕು ಎಂದು ಒಪ್ಪಲಿಲ್ಲ, ಔದಾರ್ಯ ಎಂದರು. ಇರಲಿ.

ಅಷ್ಟರಲ್ಲಿ ಇಪ್ಪತ್ತನಾಲ್ಕು ದಿನ ಕಳೆದಿತ್ತು. ಖಾಯಂ ಹಿಟ್ಟು ಕೊಳ್ಳುತ್ತಿದ್ದ ಮನೆಗಳಲ್ಲಿ ಅರ್ಧದಷ್ಟು ಅಂಗಡಿಯ ಪ್ಯಾಕೆಟ್ ಹಿಟ್ಟಿಗೆ ಹೋಗಿದ್ದವು. ಸಂಘದ ಕಂತು ಮಾತ್ರ ವಾರವಾರವೂ ಬಂದೇ ಬಂತು. ನಷ್ಟಕ್ಕೆ ಪರಿಹಾರ ಕೇಳಬಹುದು ಖಾಲಾ, ಮಂಡ್ಯದಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ, ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, ವಕೀಲರೂ ಕಡ್ಡಾಯವಲ್ಲ ಎಂದೆ. ಕೇಳಿಸಿಕೊಂಡು, "ಮಂಡ್ಯಕ್ಕೆ ಹೋಗಿ ಬರೋ ದಿನ ಹಿಟ್ಟು ಯಾರು ರುಬ್ತಾರೆ ಬೇಟಾ?" ಎಂದರು.

ಈ ಪ್ರಶ್ನೆಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಕಾನೂನು ಒಳ್ಳೆಯದೇ. 1986ರ ಮೊದಲ ಕಾಯ್ದೆಗೆ ಮುಂಚೆ ಇಂಥವರಿಗೆ ಸಿವಿಲ್ ಕೋರ್ಟೇ ಗತಿಯಾಗಿತ್ತು. ಈಗ ಮಾರಿದವನ ಊರಿಗೆ ಹೋಗಬೇಕಿಲ್ಲ, ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. 2020ರಲ್ಲಿ ಇ-ದಾಖಿಲ್, 2025ರ ಜನವರಿಯಲ್ಲಿ ಇ-ಜಾಗೃತಿ ಎಂಬ ವ್ಯವಸ್ಥೆ ಬಂದು ಕುಳಿತಲ್ಲಿಂದಲೇ ದೂರು ಸಲ್ಲಿಸಲು ದಾರಿಯಾಗಿದೆ. ಪರೀಕ್ಷೆಗೆ ಕಳಿಸುವ ಅಗತ್ಯವಿಲ್ಲದ ಪ್ರಕರಣವನ್ನು ಮೂರು ತಿಂಗಳೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯ್ದೆಯಲ್ಲೇ ಇದೆ. ಆದರೆ ದಿನದ ದುಡಿಮೆಯವರ ಹತ್ತಿರ ಇಲ್ಲದಿರುವ ವಸ್ತುವೇ ಸಮಯ. ಅದು ಕಂಪನಿಗಳಿಗೂ ಗೊತ್ತಿದೆ ಎಂದು ನನಗೆ ಅನುಮಾನ.

ಹಾಗೆಂದು ಎಲ್ಲ ಕಂಪನಿಗಳೂ ಹೀಗೆ ಎಂದರೆ ತಪ್ಪಾದೀತು. ನನ್ನ ಸಹೋದ್ಯೋಗಿಯೊಬ್ಬರಿಗೆ ಕೆ.ಆರ್. ಪೇಟೆ ಕಡೆ ಜಮೀನಿದೆ. ಕಬ್ಬಿಗೆ ನೀರು ಹಾಯಿಸುವ ಹೊತ್ತಿನಲ್ಲಿ ಬೋರ್‌ವೆಲ್ ಮೋಟಾರು ನಿಂತಿತು. ಡೀಲರಿಗೆ ಬೆಳಿಗ್ಗೆ ಫೋನ್ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಜನ ಬಂದು ಮೋಟಾರು ಎತ್ತಿದರು, ರಿಪೇರಿಯಾಗುವ ತನಕ ಬದಲಿ ಮೋಟಾರು ಇಳಿಸಿ ಹೋದರು. ಬಿಲ್ಲನ್ನೂ ಕೇಳಲಿಲ್ಲ, ಅವರ ಪುಸ್ತಕದಲ್ಲೇ ಎಲ್ಲ ಬರೆದಿತ್ತು. ಅದೂ ಭಾನುವಾರ!

ಗ್ರೈಂಡರ್ ಕಂಪನಿಗೂ ಪಂಪಿನ ಕಂಪನಿಗೂ ಇಷ್ಟೊಂದು ವ್ಯತ್ಯಾಸ ಏಕೆ? ಪಂಪಿನವರು ಹೆಚ್ಚು ಧರ್ಮಾತ್ಮರೆಂದು ನಾನು ನಂಬುವುದಿಲ್ಲ. ರೈತರು ಒಬ್ಬರಿಗೊಬ್ಬರು ಮಾತಾಡುತ್ತಾರೆ. ಟೀ ಅಂಗಡಿಯಲ್ಲಿ, ಸಂತೆಯಲ್ಲಿ, ಡೇರಿಗೆ ಹಾಲು ಹಾಕುವಾಗ "ಆ ಮೋಟ್ರು ಬ್ಯಾಡ ಕಣ್ಲಾ" ಎಂಬ ಒಂದು ಮಾತು ಬಿದ್ದರೆ ಸಾಕು, ಊರಿಗೆ ಊರೇ ಬೇರೆ ಕಂಪನಿ ಹಿಡಿಯುತ್ತದೆ. ಡೀಲರ್ ಅದೇ ಹೋಬಳಿಯವನು, ಮದುವೆ ಮುಂಜಿಯಲ್ಲಿ ಎದುರಾಗುವವನು. ಗ್ರೈಂಡರ್ ಕೊಂಡ ನಮ್ಮ ಹೆಣ್ಣುಮಕ್ಕಳು ಕೆಟ್ಟುಹೋದರೆ ಯಾರಿಗೂ ಹೇಳದೆ ಅಟ್ಟದ ಮೇಲೆ ಇಡುತ್ತಾರೆ. ತಾನೇ ಸರಿಯಾಗಿ ಬಳಸಲಿಲ್ಲವೇನೋ ಎಂಬ ಅಳುಕು ಬೇರೆ. ಮುಖಪರಿಚಯವಿಲ್ಲದ ಕಂಪನಿಯ ಎದುರು ಹೀಗೆ ಒಬ್ಬೊಬ್ಬರೇ ನಿಂತಾಗ ಕೈಯಲ್ಲಿ ಕಾಗದವಾದರೂ ಇರಬೇಕು.

ಕಾಗದ ಕೇಳಲು ನಮಗೆ ಸಂಕೋಚ, ಚಿಲ್ಲರೆ ಕೇಳಲೂ ಸಂಕೋಚ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟಿನ ಹಿಂದೆ ಬಾಕಿ ಬರೆದುಕೊಡುವುದು ನಮ್ಮ ರಾಜ್ಯದ ಹಳೆಯ ಕ್ರಮ. ಬೆಳ್ಳೂರು ಕ್ರಾಸಿನಲ್ಲಿ ಇಳಿಯುವ ಗಡಿಬಿಡಿಯಲ್ಲಿ ಎಷ್ಟೋ ಮಂದಿ ಅದನ್ನು ಮರೆತುಬಿಡುತ್ತಾರೆ. ಕರೆದು ಕೊಟ್ಟ ಕಂಡಕ್ಟರುಗಳನ್ನೂ ನೋಡಿದ್ದೇನೆ, ಕಿಟಕಿಯಾಚೆ ನೋಡುತ್ತ ಕುಳಿತವರನ್ನೂ ನೋಡಿದ್ದೇನೆ.

ಗ್ಯಾಸ್ ಸಿಲಿಂಡರ್ ವಿಷಯದಲ್ಲೂ ಕೇಳುವವರು ಕಡಿಮೆ. ಮನೆ ಬಳಕೆಯ ದೊಡ್ಡ ಸಿಲಿಂಡರಿನಲ್ಲಿ 14.2 ಕೆ.ಜಿ. ಅನಿಲವಿರಬೇಕು. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ. ಎರಡನ್ನೂ ಕೂಡಿಸಿ ತೂಗಿ ತೋರಿಸೆಂದು ಕೇಳುವ ಹಕ್ಕು ನಮಗಿದೆ, ತರುವವರ ಬಳಿ ತಕ್ಕಡಿ ಇರಬೇಕು. ಹಿಡಿಕೆಯ ಕೆಳಗಿನ ಪಟ್ಟಿಯ ಒಳಬದಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಒಂದು ಸಂಖ್ಯೆ ಇರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಹೀಗೆ ಡಿ ತನಕ. ಸಂಖ್ಯೆ ಇಸವಿಯದ್ದು. ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕಾದ ಅವಧಿ ಅದು. ದಾಟಿದ್ದರೆ ಬೇಡವೆಂದು ವಾಪಸು ಕಳಿಸಿ.

ಎ.ಟಿ.ಎಂ.ನಿಂದ ಹಣ ಬಾರದೆ ಖಾತೆಯಲ್ಲಿ ಮಾತ್ರ ಕಡಿತವಾದರೆ ಐದು ದಿನದೊಳಗೆ ಬ್ಯಾಂಕು ವಾಪಸು ಹಾಕಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಸೇರಿಸಿ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲೇ ಆದೇಶಿಸಿದೆ. ಗ್ರಾಹಕರು ಕೇಳದಿದ್ದರೂ ಕೊಡಬೇಕು.

ಇನ್ನು ಕೇಳುವ ರೀತಿ. ನಮ್ಮಲ್ಲಿ ಹಲವರು ಕೇಳುವುದೇ ಇಲ್ಲ, ಕೇಳುವ ಕೆಲವರು ಕೂಗಾಡುತ್ತಾರೆ. ಆಚೆ ಬದಿಯಲ್ಲಿ ಫೋನ್ ಹಿಡಿದು ಕುಳಿತ ಹುಡುಗಿ ಆ ಗ್ರೈಂಡರನ್ನು ತಯಾರಿಸಿದವಳಲ್ಲ, ಷರತ್ತು ಬರೆದವಳೂ ಅಲ್ಲ. ನನ್ನಲ್ಲಿ ಓದಿದ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನ ಒಂದು ಕಾಲ್ ಸೆಂಟರಿನಲ್ಲಿ ಕೆಲಸಕ್ಕಿದ್ದಾಳೆ. ಈದ್‌ಗೆ ಊರಿಗೆ ಬಂದಾಗ ವಿಚಾರಿಸಿದೆ. ಒಂದೊಂದು ಕರೆಗೂ ಇಷ್ಟು ನಿಮಿಷ ಎಂದು ಅವರಿಗೆ ಅಳತೆಯಿದೆಯಂತೆ. ಮೀರಿದರೆ ತಿಂಗಳ ಕೊನೆಯಲ್ಲಿ ಮೇಲಿನವರಿಗೆ ಉತ್ತರ ಕೊಡಬೇಕಂತೆ.

"ಹಾಗಾದರೆ ಯಾರ ಕೆಲಸ ಬೇಗ ಆಗುತ್ತಮ್ಮ?" ಎಂದು ಕೇಳಿದೆ.

"ಕೂಗಾಡೋರದ್ದು ಕೇಳಿಸ್ಕೊಂಡು ಸಾರಿ ಅಂತ ಹೇಳಿ ಮುಗಿಸ್ತೀವಿ ಸರ್. ಹಳೇ ದೂರಿನ ನಂಬರ್, ತಾರೀಖು, ಅವತ್ತು ಮಾತಾಡ್ದೋರ ಹೆಸರು ಎಲ್ಲ ಬರ್ಕೊಂಡು ಮೆತ್ತಗೆ ಓದಿ ಹೇಳ್ತಾರಲ್ಲ, ಅಂಥೋರಿಗೆ ನಮ್ ಹತ್ರ ಉತ್ತರ ಇರಲ್ಲ. ಆ ಕಾಲ್‌ನ ಮೇಲಕ್ಕೆ ಕಳಿಸ್ಲೇಬೇಕಾಗುತ್ತೆ."