ರಕ್ತ ಸರಿಯಾಯಿತು, ನರದ ಗತಿ?

ನ್ಯಾಯಬೆಲೆ ಅಂಗಡಿಯ ಅಕ್ಕಿಯನ್ನು ಮೊರದಲ್ಲಿ ಹರವಿ, ಬಣ್ಣ ತುಸು ಬೇರೆಯಾಗಿ ಕಾಣುವ ಕಾಳುಗಳನ್ನು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಆರಿಸಿ ಎಸೆಯುವವರು ಈಗಲೂ ಇದ್ದಾರೆ. ಎಸೆಯಬಾರದು. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಸೇರಿಸಿ ಮತ್ತೆ ಕಾಳಿನ ಆಕಾರಕ್ಕೆ ತಂದ ಸಾರವರ್ಧಿತ ಕಾಳುಗಳು ಅವು. ಇವನ್ನು ಬೆರೆಸಿದ ಸಾರವರ್ಧಿತ ಅಕ್ಕಿಯನ್ನು ದೇಶದಾದ್ಯಂತ ಹಂಚುವುದಾಗಿ ಪ್ರಧಾನಿ ಘೋಷಿಸಿದ್ದು 2021ರ ಆಗಸ್ಟ್ 15ರಂದು.

ಉದ್ದೇಶ ಒಳ್ಳೆಯದೇ. ಆದರೆ ಬಿ12ರ ಲೆಕ್ಕ ನೋಡಿ. ಸಾರವರ್ಧಿತ ಅಕ್ಕಿಯ ಒಂದು ಕಿಲೋದಲ್ಲಿ ಇರಬೇಕಾದ ಬಿ12 0.75ರಿಂದ 1.25 ಮೈಕ್ರೋಗ್ರಾಂ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಎರಡು ಮೈಕ್ರೋಗ್ರಾಂಗೂ ಹೆಚ್ಚು. ದಿನಕ್ಕೆ 300 ಗ್ರಾಂ ಅಕ್ಕಿ ಉಂಡರೂ ಹೆಚ್ಚೆಂದರೆ ಅಗತ್ಯದ ಸುಮಾರು ಆರನೇ ಒಂದು ಪಾಲಷ್ಟೇ ಸಿಗುತ್ತದೆ. ಗರ್ಭಿಣಿಯರಿಗೆ ಸರ್ಕಾರ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇವೆ, ಬಿ12 ಇಲ್ಲ.

ಇದರಲ್ಲೇನು ತೊಂದರೆ? ಹೊಸ ರಕ್ತಕಣ ಹುಟ್ಟಲು ಫೋಲಿಕ್ ಆಮ್ಲವೂ ಬೇಕು, ಬಿ12 ಕೂಡ ಬೇಕು. ಎರಡರಲ್ಲಿ ಯಾವುದು ಕಡಿಮೆಯಾದರೂ ಕಣಗಳು ದೊಡ್ಡದಾಗಿ, ಬಲಿಯದೆ ಉಳಿಯುತ್ತವೆ. 1928ರಲ್ಲಿ ಮುಂಬೈಗೆ ಬಂದ ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್, ಇಂಥ ರಕ್ತಹೀನತೆಯಿಂದ ಬಳಲುತ್ತಿದ್ದ ಗರ್ಭಿಣಿಯರು ಯೀಸ್ಟ್ ಸಾರ ತಿಂದು ಚೇತರಿಸಿಕೊಂಡದ್ದನ್ನು ಕಂಡರು. ಮುಂದೆ ಅದರಲ್ಲಿನ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಅಮೆರಿಕದ ತಂಡದ ಮುಂದಾಳು, ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್.

ರಕ್ತವನ್ನು ಫೋಲಿಕ್ ಆಮ್ಲ ಸರಿಪಡಿಸೀತು. ಆದರೆ ನರಗಳ ಮೇಲ್ಪೊರೆಯನ್ನು ಕಾಯುವ ಕೆಲಸ ಬಿ12ರದು. ಅದನ್ನು ಫೋಲಿಕ್ ಆಮ್ಲ ಮಾಡಲಾರದು. ಬಿ12 ಕೊರತೆಯಿರುವವರಿಗೆ ಹೆಚ್ಚಿನ ಪ್ರಮಾಣದ ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟರೆ ಹಿಮೋಗ್ಲೋಬಿನ್ ಏರುತ್ತದೆ, ವರದಿ ನೋಡಿ ಎಲ್ಲರಿಗೂ ಸಮಾಧಾನ. ಒಳಗೆ ನರ ಸವೆಯುವುದು ನಿಲ್ಲುವುದಿಲ್ಲ. ಅಂಗಾಲು ಉರಿಯುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ, ಕತ್ತಲಲ್ಲಿ ನಡೆದರೆ ತೂರಾಡುವಂತಾಗುತ್ತದೆ, ಮರೆವು ಹೆಚ್ಚುತ್ತದೆ. ವಯಸ್ಸಾಯಿತು, ಸಕ್ಕರೆ ಕಾಯಿಲೆ ಇದೆ ಎಂದು ಮನೆಯವರು ಸುಮ್ಮನಾಗುತ್ತಾರೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ನುಂಗುವ ಮೆಟ್‌ಫಾರ್ಮಿನ್, ಹೊಟ್ಟೆಯುರಿಗೆಂದು ವೈದ್ಯರನ್ನು ಕೇಳದೆ ತಿನ್ನುತ್ತಲೇ ಇರುವ ಗ್ಯಾಸ್ ಮಾತ್ರೆ, ಎರಡೂ ದೇಹ ಬಿ12 ಹೀರಿಕೊಳ್ಳುವುದನ್ನು ತಗ್ಗಿಸುತ್ತವೆ. ಯಕೃತ್ತಿನಲ್ಲಿ ಕೆಲವು ವರ್ಷಕ್ಕಾಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ಬೇಗ ತೋರಿಸಿಕೊಳ್ಳುವುದೂ ಇಲ್ಲ. ತಡವಾಗಿ ಗುರುತಿಸಿದರೆ ನರದ ಹಾನಿ ಪೂರ್ತಿ ವಾಸಿಯಾಗುತ್ತದೆಂಬ ಖಾತರಿಯಿಲ್ಲ.

ಹೀಗಾಗಿ ರಕ್ತಹೀನತೆಯನ್ನು ಹಿಮೋಗ್ಲೋಬಿನ್ ಅಂಕಿಯೊಂದರಿಂದಲೇ ಅಳೆಯುವ ಸರ್ಕಾರಿ ಪರಿಪಾಠ ಬದಲಾಗಬೇಕು. ಕಬ್ಬಿಣದ ಮಾತ್ರೆಗೆ ಬಗ್ಗದವರಿಗೆ, ಜೋಮು ಎನ್ನುವವರಿಗೆ, ಬಹುಕಾಲದಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಬಿ12 ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಆಗಬೇಕು. ಗರ್ಭಿಣಿಯರ ಮಾತ್ರೆಗೆ ಬಿ12 ಸೇರಿಸುವ ವಿಚಾರವನ್ನು ಇನ್ನು ಮುಂದೂಡಬಾರದು.

ಊಟದ ಮಾತಿಗೆ ಬಂದರೆ, ಬಿ12 ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ. ಸೊಪ್ಪು, ತರಕಾರಿ, ಕಾಳುಗಳಲ್ಲಿ ಇಲ್ಲ. ನಮ್ಮ ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ. ಮಾಂಸ, ಮೀನು, ಮೊಟ್ಟೆ ಯಾವುದನ್ನೂ ಮುಟ್ಟದ ಮಗುವಿಗೆ ಬಿ12 ಸಿಗಬೇಕಾದದ್ದು ಹಾಲು, ಮೊಸರಿನಿಂದ. ಬಾಳೆಹಣ್ಣಿನಲ್ಲಿ ಅದು ಇಲ್ಲವೇ ಇಲ್ಲ. ಅಂಥ ಮಕ್ಕಳಿಗೆ ಶಾಲೆಯಲ್ಲಿ ಕೊಡುವ ಕ್ಷೀರಭಾಗ್ಯ ಯೋಜನೆಯ ಹಾಲಿನ ಪಾಲನ್ನಾದರೂ ಸರ್ಕಾರ ಹೆಚ್ಚಿಸಲಿ.