ಕರೆಂಟ್ ಹೋದ್ರೆ ಸೋಲಾರ್ ಇದ್ದೂ ಕತ್ತಲೆ: ಅಂಗಡಿಯವರ ಕಾವಲು ಬ್ಯಾಟರಿಯೇ, ಅದನ್ನ ನೋಡ್ಕೊಳ್ಳೋರು ಯಾರು?

ಜಯನಗರ: ತಾರಸಿ ಮೇಲೆ ಸೋಲಾರ್ ಪ್ಯಾನೆಲ್ ಇದೆ, ಆದ್ರೂ ಕರೆಂಟ್ ಹೋದಾಗ ಲೈಟ್ ಬರಲ್ಲ. ಜಯನಗರ, ಬನಶಂಕರಿ, ಜೆ.ಪಿ. ನಗರದಲ್ಲಿ ಇದುವರೆಗೆ ಸೋಲಾರ್ ಅಂದ್ರೆ ಬಿಸಿನೀರು ಅಂತಲೇ ಲೆಕ್ಕ. ಈಗ ಕರೆಂಟಿಗೂ ಪ್ಯಾನೆಲ್ ಬರ್ತಿದೆ, ಜೊತೆಗೇ ಈ ಗೊಂದಲವೂ ಬಂದಿದೆ.

ಕಾರಣ ಸರಳ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಪ್ಯಾನೆಲ್‌ಗೆ ₹78,000 ಸಬ್ಸಿಡಿ ಇದೆ. ಆದರೆ ಸಾಮಾನ್ಯವಾಗಿ ಇದರಲ್ಲಿ ಹಾಕೋದು ಬೆಸ್ಕಾಂ ಲೈನಿಗೆ ಜೋಡಿಸುವ ವ್ಯವಸ್ಥೆ. ಲೈನಲ್ಲಿ ಕರೆಂಟ್ ಹೋದ ಕೂಡಲೇ ಇನ್ವರ್ಟರ್ ತಾನೇ ಬಂದ್ ಆಗುತ್ತೆ. ಇಲ್ಲದಿದ್ರೆ ಕಂಬದ ಮೇಲೆ ರಿಪೇರಿ ಮಾಡುವ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯುತ್ತೆ. ಕತ್ತಲಲ್ಲೂ ಬೆಳಕು ಬೇಕಂದ್ರೆ ಬ್ಯಾಟರಿ ಇರಲೇಬೇಕು.

ಅಂಗಡಿಗೆ ಎರಡೂ ಇಲ್ಲ

ಸೂರ್ಯ ಘರ್ ಸಬ್ಸಿಡಿ ಮನೆಗಳಿಗೆ ಮಾತ್ರ. 2023ರಲ್ಲಿ ಬಂದ ಗೃಹಜ್ಯೋತಿಯ 200 ಯೂನಿಟ್ ಕೂಡ ಮನೆಗಳಿಗೆ ಮಾತ್ರ. ಅಂಗಡಿಯವರು ಎರಡರಿಂದಲೂ ಹೊರಗೆ. ಬಾಡಿಗೆ ಮಳಿಗೆ ಆದ್ರೆ ತಾರಸಿಯೂ ಕೈಯಲ್ಲಿಲ್ಲ. ಹಾಗಾಗಿ ದಿನಸಿ ಅಂಗಡಿ, ಜೆರಾಕ್ಸ್, ಮೆಡಿಕಲ್ ಶಾಪ್‌ನವರಿಗೆ ಉಳಿಯೋದು ಮೂಲೆಯಲ್ಲಿ ಕೂತಿರುವ ಲೆಡ್ ಆಸಿಡ್ ಬ್ಯಾಟರಿ. ಕೆಲವರಿಗೆ ಅದರ ಜೊತೆ ಒಂದೋ ಎರಡೋ ಪ್ಯಾನೆಲ್. ದುಡ್ಡು ಹೋಗೋದೂ ಇದೇ ಬ್ಯಾಟರಿಗೆ. ಪ್ಯಾನೆಲ್ 20 ವರ್ಷ ದಾಟಬಹುದು, ಟ್ಯೂಬ್ಯುಲರ್ ಬ್ಯಾಟರಿ ಚೆನ್ನಾಗಿ ನೋಡಿಕೊಂಡ್ರೆ ಐದಾರು ವರ್ಷ. ನೋಡಿಕೊಳ್ಳದಿದ್ರೆ ಎರಡೇ ವರ್ಷಕ್ಕೆ ಕೂತುಬಿಡುತ್ತೆ.

ಲೆಕ್ಕ ಹೀಗಿದೆ

12 ವೋಲ್ಟ್, 150 ಆಂಪಿಯರ್ ಅವರ್ ಬ್ಯಾಟರಿ ಅಂದ್ರೆ 1,800 ವ್ಯಾಟ್ ಅವರ್. ಬಾಳಿಕೆ ಬರಬೇಕಂದ್ರೆ ಅರ್ಧ, ಅಂದ್ರೆ 900 ಮಾತ್ರ ಬಳಸಬೇಕು. ನಾಲ್ಕು ಎಲ್‌ಇಡಿ ಬಲ್ಬ್, ಒಂದು ಫ್ಯಾನ್, ಒಂದು ಬಿಲ್ಲಿಂಗ್ ಕಂಪ್ಯೂಟರ್ ಸೇರಿ ಸುಮಾರು 170 ವ್ಯಾಟ್. ಇನ್ವರ್ಟರ್ ತಿನ್ನೋದೂ ಸೇರಿದ್ರೆ 200. ಅಲ್ಲಿಗೆ ನಾಲ್ಕೂವರೆ ಗಂಟೆ. ಇದರ ಮೇಲೆ ಫ್ರಿಜ್ ಸೇರಿಸಿದ್ರೆ ಬ್ಯಾಟರಿ ತಳ ಕಾಣುತ್ತೆ.

ಆ 900 ವಾಪಸ್ ತುಂಬಬೇಕಂದ್ರೆ ಹತ್ತಿರ ಹತ್ತಿರ 1,100 ಬೇಕು. 330 ವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಿದ್ರೆ ಒಂದು ದಿನದಲ್ಲಿ ಅಷ್ಟು ಕೊಡುತ್ತೆ. ಮೋಡ ಕವಿದ ದಿನ ಅದರ ಅರ್ಧವೂ ಕಷ್ಟ. ಮಳೆಗಾಲದಲ್ಲಿ ಮೂರ್ನಾಲ್ಕು ದಿನ ಹೀಗೇ ಆದ್ರೆ ಬ್ಯಾಟರಿ ಅರೆಹೊಟ್ಟೆಯಲ್ಲೇ ಇರುತ್ತೆ. ಆಗ ಸೀಸದ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ, ಆಮೇಲೆ ಎಷ್ಟು ಚಾರ್ಜ್ ಮಾಡಿದ್ರೂ ಹಿಡಿಯಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ವಾರಕ್ಕೊಮ್ಮೆಯಾದ್ರೂ ಬೆಸ್ಕಾಂ ಕರೆಂಟ್‌ನಲ್ಲಿ ಪೂರ್ತಿ ಚಾರ್ಜ್ ಮಾಡೋದು ಅದಕ್ಕೇ.

ನೀರೇ ಶತ್ರು

ಹೆಚ್ಚು ತಪ್ಪಾಗೋದು ನೀರಿನಲ್ಲಿ. ಬೋರ್‌ವೆಲ್ ನೀರು, ಕಾವೇರಿ ನೀರು, ಕ್ಯಾನ್ ನೀರು ಯಾವುದೂ ಆಗಲ್ಲ. ಆರ್‌ಒ ನೀರಲ್ಲೂ ಲವಣ ಉಳಿದಿರುತ್ತೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ಅದೂ ಪೂರ್ತಿ ಚಾರ್ಜ್ ಆದ ಮೇಲೆ. ಪ್ಲೇಟ್ ಒಣಗಿ ಕಾಣ್ತಿದ್ರೆ ಮಾತ್ರ ಮುಳುಗುವಷ್ಟು ಮೊದಲೇ ಹಾಕಿ ಚಾರ್ಜಿಗೆ ಇಡಬೇಕು. ಆಸಿಡ್ ಹಾಕಲೇಬಾರದು: ಕಡಿಮೆಯಾಗೋದು ನೀರು, ಆಸಿಡ್ ಅಲ್ಲ.

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ರೆ ಸ್ವಿಚ್ ಆಫ್ ಮಾಡಿ, ಅಡುಗೆ ಸೋಡಾ ಕಲಸಿದ ನೀರಿನ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ವ್ಯಾಸಲೀನ್ ಹಚ್ಚಬೇಕು. ಸೋಡಾ ನೀರು ಬ್ಯಾಟರಿ ಒಳಗೆ ಹೋಗಬಾರದು. ಕೆಲವು ಗಂಟೆ ಬಳಸದೆ ಬಿಟ್ಟು ಮೀಟರ್ ಹಿಡಿದ್ರೆ 12.6ರ ಮೇಲಿರಬೇಕು. 12.2 ಅಂದ್ರೆ ಹೆಚ್ಚುಕಡಿಮೆ ಅರ್ಧ ಖಾಲಿ. ಹಳೇ ಬ್ಯಾಟರಿಗೆ ಹೊಸದನ್ನ ಜೋಡಿಸಿದ್ರೆ ಹಳೇದು ಹೊಸದನ್ನೂ ಕೆಡಿಸುತ್ತೆ.

ಜೆ.ಪಿ. ನಗರದಲ್ಲೇ ಪಾಠ ಇದೆ

ಜೆ.ಪಿ. ನಗರದಲ್ಲಿ ಕಚೇರಿ ಇರುವ ಸೆಲ್ಕೊ 1995ರಿಂದ ಹಳ್ಳಿ ಮನೆಗಳಿಗೆ ಸೋಲಾರ್ ದೀಪ ಕೊಡ್ತಿದೆ. ಸ್ಥಾಪಕರಲ್ಲಿ ಒಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸೆಲ್ಕೊ ದೀಪ ಮಾರಿ ಸುಮ್ಮನಾಗಲಿಲ್ಲ, ಸರ್ವಿಸ್ ಮಾಡುವವರನ್ನೂ ಊರ ಹತ್ತಿರವೇ ಇಟ್ಟಿತು. ತಳ್ಳುಗಾಡಿಯವರಿಗೆ ಮಾಡಿದ ವ್ಯವಸ್ಥೆ ಇನ್ನೂ ಸರಳ: ಒಬ್ಬರು ಹಗಲು ಬ್ಯಾಟರಿಗಳನ್ನ ಸೋಲಾರ್‌ನಲ್ಲಿ ಚಾರ್ಜ್ ಮಾಡಿ, ಸಂಜೆ ದೀಪದ ಜೊತೆ ದಿನಬಾಡಿಗೆಗೆ ಕೊಡ್ತಾರೆ. ಬ್ಯಾಟರಿ ಉಸ್ತುವಾರಿ ಒಬ್ಬರದೇ, ವ್ಯಾಪಾರಿಗೆ ತಲೆನೋವಿಲ್ಲ.

ನಗರದ ಅಂಗಡಿಗಳಲ್ಲಿ ಇಲ್ಲದಿರೋದು ಇದೇ. ಪ್ಯಾನೆಲ್ ಹಾಕಿದವರು ಬೇರೆ, ಇನ್ವರ್ಟರ್ ಮಾರಿದವರು ಬೇರೆ, ಮಳಿಗೆ ಮಾಲೀಕರು ಬೇರೆ. ನೀರು ನೋಡೋದು ಯಾರ ಕೆಲಸವೂ ಅಲ್ಲ. ಒಂದೇ ಸಾಲಿನ ಹತ್ತು ಅಂಗಡಿ ಸೇರಿ ತಿಂಗಳಿಗೊಮ್ಮೆ ಬರುವ ಮೆಕ್ಯಾನಿಕ್‌ನ ಗೊತ್ತು ಮಾಡಿಕೊಂಡ್ರೆ ತಲಾ ಖರ್ಚು ಹೊಸ ಬ್ಯಾಟರಿ ಬೆಲೆಯ ಮುಂದೆ ಏನೂ ಅಲ್ಲ.

ಅದೂ ಆಗದಿದ್ರೆ ಅಮಾವಾಸ್ಯೆ ಪೂಜೆಗೆ ಅಂಗಡಿ ತೊಳೆಯುವ ದಿನವೇ ನೀರಿನ ಮಟ್ಟ ನೋಡಬಹುದು. ಆದ್ರೆ ದೀಪ, ಊದುಬತ್ತಿ, ಕರ್ಪೂರ ಬ್ಯಾಟರಿಯಿಂದ ದೂರ ಇರಲಿ. ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು, ಮುಚ್ಚಿದ ಮೂಲೆಯಲ್ಲಿದ್ರಂತೂ ಅಪಾಯ ಜಾಸ್ತಿ.

ಸತ್ತ ಬ್ಯಾಟರಿ ಗುಜರಿಗೆ ಹೋಗಬಾರದು. ಒಡೆದು ಆಸಿಡ್ ಮೋರಿಗೆ ಚೆಲ್ಲಿದ್ರೆ ಸೀಸ ಮಣ್ಣು, ನೀರು ಸೇರುತ್ತೆ, ಮಕ್ಕಳ ಮಿದುಳಿಗೆ ಏಟು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಬಳಸಿದ ಬ್ಯಾಟರಿಯನ್ನ ಕಸದ ಜೊತೆ ಸೇರಿಸದೆ ಸಂಗ್ರಹಿಸುವವರಿಗೆ ಅಥವಾ ಮರುಬಳಕೆ ಮಾಡುವವರಿಗೆ ಕೊಡೋದು ಬಳಕೆದಾರರ ಹೊಣೆ. ಹೊಸದು ತಗೊಳ್ಳುವಾಗ ಹಳೇದನ್ನ ಡೀಲರ್‌ಗೇ ಕೊಟ್ಟು, ಬಿಲ್‌ನಲ್ಲಿ ಬೆಲೆ ಇಳಿಸಿಕೊಳ್ಳೋದೇ ಸುಲಭ ದಾರಿ.